ಅರ್ಧ ಬಾವಿಯ ಮನೆ

ಗೋದಾಬಾಯಿಯವರು ಮನೆ ನೋಡಲು ಹೊರಟಾಗಲೆಲ್ಲ ನನ್ನನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದುದಕ್ಕೆ ಕಾರಣ ಇಷ್ಟೇ: ಅವರ ಗಂಡ ಮುರಳೀಧರ ರಾಯರಿಗೆ ನೋಡಿದ ಮನೆಗಳೆಲ್ಲ ಇಷ್ಟವಾಗಿಬಿಡುತ್ತಿದ್ದವು. ರೈಲ್ವೆ ಪಾರ್ಸೆಲ್ ಆಫೀಸಿನಲ್ಲಿದ್ದ ಆ ಸಾಧು ಮನುಷ್ಯ ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ "ಛಲೋ ಅದ, ತಗೊಂಡುಬಿಡೋಣು" ಅನ್ನುತ್ತಿದ್ದರು. ಬೇಡ ಅನ್ನುವವರೊಬ್ಬರು ಪಕ್ಕದಲ್ಲಿರಲಿ ಎಂದು ಗೋದಾಬಾಯಿ ನನ್ನನ್ನು ಆರಿಸಿಕೊಂಡರು.

ಆಗ ಅವರು ಮೌಂಟ್ ರೋಡಿನ ವಿಮಾ ಕಚೇರಿಯೊಂದರಲ್ಲಿ ನಮ್ಮ ಸೆಕ್ಷನ್ನಿನ ಸೂಪರಿಂಟೆಂಡೆಂಟ್. ನಾನು ನಾಗಮಣಿ, ಮೈಸೂರಿನಿಂದ ವರ್ಗವಾಗಿ ಬಂದು ಅವರ ಎದುರಿನ ಮೇಜಿನಲ್ಲಿ ಕೂತವಳು. ಗೋದಾಬಾಯಿ ಹೊಸಪೇಟೆಯಲ್ಲಿ ಹುಟ್ಟಿ, ಮದುವೆಯಾಗಿ ಮದರಾಸಿಗೆ ಬಂದು, ಇಲ್ಲಿಯೇ ಟೈಪಿಂಗ್ ಕಲಿತು, ಪರೀಕ್ಷೆಗಳನ್ನು ಒಂದೊಂದಾಗಿ ಪಾಸು ಮಾಡಿ ಆ ಕುರ್ಚಿಗೆ ಬಂದಿದ್ದರು. ಗಂಡಸರೇ ತುಂಬಿದ್ದ ಸೆಕ್ಷನ್ನಿನಲ್ಲಿ ಅವರು ಧ್ವನಿ ಎತ್ತಿದ್ದನ್ನು ನಾನು ಕೇಳಿಲ್ಲ. ಎತ್ತುವ ಅಗತ್ಯವೂ ಬಂದಂತಿಲ್ಲ.

ಅವರು ಇದ್ದದ್ದು ಟ್ರಿಪ್ಲಿಕೇನಿನ ಒಂದು ಹಳೆಯ ಮನೆಯಲ್ಲಿ. ಉದ್ದನೆಯ ಮನೆಯನ್ನು ತುಂಡು ತುಂಡು ಮಾಡಿ ಒಂದೊಂದು ಸಂಸಾರಕ್ಕೆ ಬಾಡಿಗೆ ಕೊಡುವುದು ಮದರಾಸಿನ ಪದ್ಧತಿ. ಆ ತುಂಡಿಗೆ 'ಪೋರ್ಷನ್' ಎನ್ನುತ್ತಾರೆ. ಗಂಡ, ಹೆಂಡತಿ, ಮಗಳು ಉಷಾ, ಮೂರು ಜನಕ್ಕೆ ಒಂದೂವರೆ ಕೋಣೆ. ಅದಕ್ಕೆ ಗೋದಾಬಾಯಿ ತಲೆ ಕೆಡಿಸಿಕೊಂಡವರಲ್ಲ. ಆದರೆ ಒಂದು ಸಲ ಹೊಸಪೇಟೆಯಿಂದ ಅವರ ತಾಯಿ ಬಂದರು. ತುಂಗಭದ್ರೆಯಲ್ಲಿ ಮಿಂದು ಬೆಳೆದ ಮುದುಕಿ, ಸ್ನಾನಕ್ಕೆ ಎರಡನೆಯ ಕೊಡ ಎತ್ತಿಕೊಂಡಾಗ ಮನೆಯೊಡತಿ ಹಿತ್ತಲಿಗೆ ಬಂದು, ಊರಿನಿಂದ ಬರುವವರ ನೀರು ಬಾಡಿಗೆಯಲ್ಲಿ ಸೇರಿಲ್ಲ ಎಂದಳು. ಮುದುಕಿಗೆ ತಮಿಳು ತಿಳಿಯದು. "ಏನಂತಾಳ?" ಎಂದು ಮಗಳನ್ನು ಕೇಳಿದರು. ಗೋದಾಬಾಯಿ ಕೊಡವನ್ನು ತಾಯಿಯ ಕೈಯಿಂದ ತೆಗೆದು ಕೆಳಗಿಟ್ಟರು. ಮರುದಿನ ಕಚೇರಿಗೆ ಬಂದವರೇ ಸಿಬ್ಬಂದಿಗೆ ಕೊಡುವ ಗೃಹಸಾಲಕ್ಕೆ ಅರ್ಜಿ ಹಾಕಿದರು. ತಮ್ಮ ಹೆಸರಿನಲ್ಲಿ.

"ಯಜಮಾನರ ಹೆಸರಲ್ಲಿ ಹಾಕಬಹುದಲ್ವಾ ಮೇಡಂ, ರೈಲ್ವೇಲೂ ಸಾಲ ಕೊಡ್ತಾರೆ," ಎಂದೆ.

"ನೀರಿಲ್ಲ ಅನ್ನಿಸ್ಕೊಂಡಾಕಿ ನಾನು," ಎಂದರು. "ಮನಿ ನನ್ನ ಹೆಸರಿನ್ಯಾಗೇ ಬರಲಿ."

ಮನೆ ನೋಡುವ ಅವರ ರೀತಿಯೇ ಬೇರೆ. ದಲ್ಲಾಳಿ ಬೀಗದ ಕೈ ಹಿಡಿದು ನಿಂತಿರುವಾಗ ಇವರು ಆ ಮನೆಗೆ ಹೋಗದೆ ಪಕ್ಕದ ಮನೆಯ ಬಾಗಿಲು ತಟ್ಟುತ್ತಿದ್ದರು. ಬಿಸಿಲಿನಲ್ಲಿ ನಡೆದು ಬಂದಿದ್ದೇವೆ, ಕುಡಿಯಲು ಸ್ವಲ್ಪ ನೀರು ಸಿಗಬಹುದೇ ಎಂದು ಕೇಳುವುದು. ನೀರಿನ ರುಚಿಯೂ ತಿಳಿಯುತ್ತದೆ, ಕೊಡುವವರ ಮುಖವೂ ತಿಳಿಯುತ್ತದೆ ಎಂಬುದು ಅವರ ಲೆಕ್ಕ.

ಮೊದಲು ನೋಡಿದ್ದು ಬೆಸೆಂಟ್ ನಗರದಲ್ಲಿ. ಆಗಷ್ಟೇ ಎದ್ದಿದ್ದ ಫ್ಲಾಟುಗಳು. ಕಚೇರಿಯವರೆಲ್ಲ ಅಲ್ಲಿಗೇ ಹೋಗಿ ಎನ್ನುತ್ತಿದ್ದರು. ಮುರಳೀಧರ ರಾಯರು ಬಾಲ್ಕನಿಯಲ್ಲಿ ನಿಂತು ಸಮುದ್ರದ ಗಾಳಿಗೆ ಅಂಗಿಯ ಗುಂಡಿ ಬಿಚ್ಚಿ, "ಗೋದಾ, ಇದಕ್ಕಿಂತ ಏನು ಬೇಕು?" ಎಂದರು. ಗೋದಾಬಾಯಿ ಎದುರು ಫ್ಲಾಟಿನ ಬಾಗಿಲು ತಟ್ಟಿದರು. ಒಳಗಿನಿಂದ ಕಬ್ಬಿಣದ ಜಾಲರಿಯ ಸಂದಿಯಲ್ಲಿ ಲೋಟ ಬಂತು, ಖಾಲಿ ಲೋಟ ಅದೇ ಸಂದಿಯಲ್ಲಿ ಹಿಂದಕ್ಕೆ ಹೋಯಿತು. "ನೀರು ಕೊಟ್ರು, ಬಾಗಿಲಾ ತೆಗೀಲಿಲ್ಲ," ಎನ್ನುತ್ತ ಮೆಟ್ಟಿಲಿಳಿದರು. ಇನ್ನೊಂದು ಭಾನುವಾರ ಪೆರುಂಗುಡಿಗೆ ಹೋದೆವು. ಅಗ್ಗದ ಸೈಟು, ಸುತ್ತ ಗದ್ದೆ, ದೂರದಲ್ಲಿ ಕೆರೆ. "ಇಲ್ಲಿ ನೀರು ಕೇಳಬೇಕಂದ್ರ ಎಮ್ಮಿನ್ನ ಕೇಳಬೇಕು," ಎಂದು ಬಸ್ಸು ಹತ್ತಿದರು.

ಮೈಲಾಪೂರಿನ ಮನೆ ಬಂದದ್ದು ಆಮೇಲೆ. ದೇವಸ್ಥಾನದ ಕೊಳದಿಂದ ಸ್ವಲ್ಪ ಒಳಗೆ ಒಂದು ಸಂದು. ಮುಂದೆ ಜಗಲಿ, ಅದರ ಮೇಲೆ ಹೆಂಚು. ಹಿಂದಿನ ಕೋಣೆಗಳಿಗೆ ತೇಗದ ತೊಲೆಗಳ ಮೇಲೆ ಇಟ್ಟಿಗೆ ಜೋಡಿಸಿ ಗಾರೆ ಹಾಕಿದ ಹಳೆಯ ತಾರಸಿ. ಎರಡು ವರ್ಷದಿಂದ ಬೀಗ ಹಾಕಿದ್ದ ಮನೆ. ಉಷಾ ಮೂಗು ಮುಚ್ಚಿಕೊಂಡು "ಅಮ್ಮಾ, ಇಂದ ವೀಡು ವೇಂಡಾಂ" ಎಂದಳು. ಅವಳು ಕಾಲೇಜಿನ ಮೊದಲ ವರ್ಷದಲ್ಲಿದ್ದಳು. ತಾಯಿ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲಿಯೇ ಉತ್ತರ. ಈ ಮನೆ ಬೇಡ ಎಂಬ ಅವಳ ಮಾತಿಗೆ ನಾನೂ ತಲೆಯಾಡಿಸಿದೆ.

ಗೋದಾಬಾಯಿ ಅಷ್ಟರಲ್ಲಿ ಪಕ್ಕದ ಮನೆಯ ಮುಂದೆ ನಿಂತಿದ್ದರು. ಬಾಗಿಲು ಅಗಲವಾಗಿ ತೆರೆದೇ ಇತ್ತು. ಒಳಗಿನಿಂದ ಬಂದವಳು ಬಿಳಿ ಸೀರೆಯ, ಗಂಡಸಿನಷ್ಟು ಎತ್ತರದ ಮುದುಕಿ. ನೀರು ಎಂದ ಕೂಡಲೆ ಅವಳು ನಮ್ಮ ದಲ್ಲಾಳಿಯನ್ನು ನೋಡಿದಳು.

"ಆ ಮನೆ ನೋಡೋದಕ್ಕೆ ಬಂದಿದ್ದೀರಾ?" ಎಂದು ತಮಿಳಿನಲ್ಲಿ ಕೇಳಿದಳು.

"ಹೌದಮ್ಮಾ."

"ಹಾಗಾದ್ರೆ ನೀರಿಲ್ಲ. ಬೇಕಾದ್ರೆ ಆ ಮನೆ ಬಾವಿಯಲ್ಲೇ ಸೇದಿಕೊಂಡು ಕುಡೀರಿ. ಅಲ್ಲಿ ಬೇಕಾದಷ್ಟಿದೆ."

ಹೇಳಿ ಒಳಗೆ ಹೋಗಲೂ ಇಲ್ಲ, ಬಾಗಿಲು ಹಾಕಲೂ ಇಲ್ಲ. ಸೊಂಟದ ಮೇಲೆ ಕೈಯಿಟ್ಟು ನಿಂತಳು. ದಲ್ಲಾಳಿ ನಮ್ಮನ್ನು ಹಿಂದಕ್ಕೆ ಎಳೆಯುವಂತೆ ಕರೆದು, ಅದು ಕುಂಜಮ್ಮಾಳ್, ಆಸ್ಪತ್ರೆಯಲ್ಲಿ ಸೂಲಗಿತ್ತಿಯಾಗಿದ್ದವಳು, ಒಂಟಿ ಹೆಂಗಸು, ನಾಲಗೆ ಸರಿಯಿಲ್ಲ, ಅವಳಿಂದಲೇ ಈ ಮನೆ ಮಾರಾಟವಾಗದೆ ಉಳಿದಿದೆ ಎಂದ. ಕೊಳ್ಳುವವರು ನಡುವಿನ ಗೋಡೆಯನ್ನು ಎತ್ತರಿಸಿಬಿಟ್ಟರೆ ಆಯಿತು, ಮುಖವೇ ಕಾಣುವುದಿಲ್ಲ ಎಂದೂ ಸೇರಿಸಿದ.

ಗೋದಾಬಾಯಿ ಹಿತ್ತಲಿಗೆ ಹೋಗಿ ಬಾವಿ ನೋಡಿದರು. ಹಳೆಯ ಮದರಾಸಿನಲ್ಲಿ ಇಂಥ ಬಾವಿಗಳುಂಟು: ಎರಡು ಮನೆಗಳ ನಡುವಿನ ಗೋಡೆ ಬಾವಿಯ ಬಾಯಿಯ ಮೇಲೆಯೇ ಹಾದುಹೋಗುತ್ತದೆ, ಅರ್ಧ ಬಾವಿ ಈ ಹಿತ್ತಲಿಗೆ, ಅರ್ಧ ಆ ಹಿತ್ತಲಿಗೆ. ಕೆಳಗೆ ನೀರು ಒಂದೇ. ಆದರೆ ಇಲ್ಲಿ ಗೋಡೆಯ ಕೆಳಗಿನಿಂದ ಬಾವಿಯೊಳಕ್ಕೆ ಒಂದು ದಪ್ಪ ಕಬ್ಬಿಣದ ತಗಡು ಇಳಿದಿತ್ತು. ಬುಡ ಕೆಸರಿನಲ್ಲಿ ಹೂತಿತ್ತು, ಅಂಚುಗಳಿಗೆ ಸಿಮೆಂಟು ಮೆತ್ತಿತ್ತು. ಈ ಕಡೆ ತಿಳಿನೀರು, ಮೂಲೆಯಲ್ಲಿ ತುಕ್ಕು ಹಿಡಿದ ಮೋಟರು.

"ಒರತಿ ಯಾವ ಕಡೆ ಅದ?" ಎಂದು ಗೋದಾಬಾಯಿ ಕೇಳಿದರು.

ಈ ಕಡೆಯೇ ಎಂದು ದಲ್ಲಾಳಿ ಹೆಮ್ಮೆಯಿಂದ ಹೇಳಿದ. ಹಿಂದಿನ ಯಜಮಾನ ಮೋಟರು ಹಾಕಿದಾಗ ಆ ಮುದುಕಿ ಗಲಾಟೆ ಮಾಡಿದಳಂತೆ. ಅದಕ್ಕೆ ಆತ ತಗಡು ಇಳಿಸಿ ಒರತೆಯನ್ನು ತನ್ನ ಕಡೆ ಇಟ್ಟುಕೊಂಡನಂತೆ. ಆತ ತೀರಿಕೊಂಡ ಮೇಲೆ ಮಗ ಮನೆ ಮಾರುತ್ತಿದ್ದಾನೆ. ಆ ಕಡೆ ಉಳಿದದ್ದು ಕೆಸರು. ಮುದುಕಿ ಬೀದಿಯ ಕೊಳಾಯಿಯಿಂದ ಹೊತ್ತು ತರುತ್ತಾಳೆ.

ಹಿಂದಿರುಗುವಾಗ ಬಸ್ಸಿನಲ್ಲಿ ನಾನು ಖಂಡಿತವಾಗಿಯೇ ಹೇಳಿದೆ: "ಬೇಡ ಮೇಡಂ. ಮನೆ ರಿಪೇರಿ ಮಾಡಿಸಬಹುದು. ಅಂಥ ನೆರೆಯವರನ್ನ ರಿಪೇರಿ ಮಾಡಿಸೋಕಾಗಲ್ಲ."

ಗೋದಾಬಾಯಿ ಕಿಟಕಿಯ ಹೊರಗೆ ನೋಡುತ್ತಿದ್ದರು. "ಬಾಗಿಲಾ ತೆಗದಿಟ್ಟು ಜಗಳಾಡಿದ್ಲು ನೋಡಿದಿಲ್ಲೋ?" ಎಂದರು. "ಒಳಗ ಒಂದು, ಹೊರಗ ಒಂದು ಇಲ್ಲ ಆಕಿದು. ಆಕಿ ಸಿಟ್ಟಿಗೆ ಕಾರಣಾನೂ ಅದ. ನಾನಾದ್ರೂ ನೀರು ಕೊಡ್ತಿದ್ದಿಲ್ಲ."

ಬಂಧುಗಳಲ್ಲಿ ಒಬ್ಬರು ಬಂದು, ಸೂಲಗಿತ್ತಿಯ ಮನೆಯ ಪಕ್ಕ, ಬಾವಿ ಬೇರೆ ಒಂದೇ, ಮಡಿ ಮೈಲಿಗೆಯ ಗತಿಯೇನು ಎಂದು ರಾಯರ ಕಿವಿಯಲ್ಲಿ ಹಾಕಿ ಹೋದರು. ಗೋದಾಬಾಯಿ ಅದಕ್ಕೆ ಕೊಟ್ಟ ಉತ್ತರವನ್ನು ರಾಯರೇ ನನಗೆ ನಗುತ್ತ ಹೇಳಿದರು: "ನಾವೆಲ್ಲಾರೂ ಸೂಲಗಿತ್ತಿ ಕೈಯಾಗೇ ಬಿದ್ದು ಬಂದವ್ರು. ಆವಾಗ ಯಾರೂ ಮಡಿ ಕೇಳಲಿಲ್ಲ."

ಮುಂದಿನ ಭಾನುವಾರ ಮನೆ ಮಾರುವ ಮಗನೇ ಬಂದಿದ್ದ. ಬೆಲೆ ಕುದುರಿತು. ಆಗ ಗೋದಾಬಾಯಿ ತಮ್ಮ ಷರತ್ತು ಹೇಳಿದರು. ನೋಂದಣಿಗೆ ಮೊದಲು ಬಾವಿಯೊಳಗಿನ ತಗಡನ್ನು ಅವನೇ ತೆಗೆಸಬೇಕು.

ಅವನಿಗೆ ಅರ್ಥವಾಗಲಿಲ್ಲ. ತಗಡಿನಿಂದ ಲಾಭವಿರುವುದು ನಿಮಗೇ ಅಲ್ಲವೇ ಎಂದ. ಬೇಡವಾದರೆ ಕೊಂಡ ಮೇಲೆ ನೀವೇ ತೆಗೆದುಕೊಳ್ಳಿ ಎಂದ. ದಲ್ಲಾಳಿ ರಾಯರ ಕಡೆ ತಿರುಗಿ, "ಸಾರ್, ನೀವು ಸ್ವಲ್ಪ ಹೇಳಿ," ಎಂದ.

ರಾಯರು ಕನ್ನಡಕ ಒರೆಸಿಕೊಂಡರು. "ಮನಿ ತಗೋಳಾಕಿ ಆಕಿ. ನನ್ನ ಯಾಕ ಕೇಳ್ತೀರಿ?" ಎಂದು ಕನ್ನಡದಲ್ಲಿಯೇ ಹೇಳಿ ಜಗಲಿಯ ಮೇಲೆ ಕೂತುಬಿಟ್ಟರು.

ಗೋದಾಬಾಯಿ ಆ ಮಗನಿಗೆ ತಮಿಳಿನಲ್ಲಿ ನಿಧಾನವಾಗಿ ಹೇಳಿದರು. "ನಾನು ತೆಗೆಸಿದರೆ ಅದು ನಾನು ಅವರಿಗೆ ಮಾಡಿದ ಉಪಕಾರ ಆಗತ್ತೆ. ಉಪಕಾರ ಬೇಡ. ನಿಮ್ಮ ಮನೆಯವರು ಹಾಕಿದ್ದು, ನೀವೇ ತೆಗೀರಿ. ಆಮೇಲೆ ಅವರೂ ನಾನೂ ಸಮಸಮ ಇರ್ತೀವಿ."

ತಗಡು ತೆಗೆಯುವ ದಿನ ನಾನೂ ಇದ್ದೆ. ಇಬ್ಬರು ಆಳುಗಳು ಬಾವಿಗಿಳಿದು ಅಂಚಿನ ಸಿಮೆಂಟನ್ನು ಉಳಿಯಿಂದ ಬಿಡಿಸಿದರು. ತಗಡು ಮೇಲೆ ಬರುತ್ತಿದ್ದಂತೆ ಈ ಕಡೆಯ ನೀರು ಗುಳುಗುಳು ಎನ್ನುತ್ತ ಆ ಕಡೆಗೆ ಹರಿದು ಒಂದೇ ಮಟ್ಟಕ್ಕೆ ನಿಂತಿತು. ಆ ಕಡೆ ರಾಟೆ ಕಿರುಗುಟ್ಟಿತು. ಒಂದು ಹಿತ್ತಾಳೆಯ ಬಿಂದಿಗೆ ಇಳಿದು, ಮುಳುಗಿ, ತುಂಬಿ ಮೇಲೆ ಹೋಯಿತು. ಆಮೇಲೆ ಗೋಡೆಯ ಮೇಲಿಂದ ಒಂದು ಉದ್ದನೆಯ ಕೈ ಲೋಟ ಹಿಡಿದು ಬಂತು.

"ಕನ್ನಡಕ್ಕಾರಮ್ಮಾ, ಈಗ ಕುಡಿ," ಎಂದಳು ಕುಂಜಮ್ಮಾಳ್. ಕನ್ನಡದ ಅಮ್ಮ ಎಂದು ಅವಳು ಕರೆದದ್ದು.

ಗೋದಾಬಾಯಿ ಪೂರ್ತಿ ಕುಡಿದು, "ಸಿಹಿ ಅದ," ಎಂದು ನನಗೆ ಹೇಳಿದರು.

ನೋಂದಣಿ ಕಚೇರಿಯಲ್ಲಿ ಗುಮಾಸ್ತ ತಲೆಯೆತ್ತದೆ "ಕೊಳ್ಳುವವರು ಮುಂದೆ ಬನ್ನಿ" ಎಂದ. ಗೋದಾಬಾಯಿ ಹೋದರು. "ನೀವಲ್ಲಮ್ಮ, ಕೊಳ್ಳುವವರು," ಎಂದ. "ಕೊಳ್ಳೋಳು ನಾನೇ," ಎಂದು ಅವರು ಸೆರಗು ಸರಿಮಾಡಿಕೊಂಡು ಸಹಿ ಹಾಕಿದರು. ಹಿಂದಿನ ಬೆಂಚಿನಲ್ಲಿದ್ದ ರಾಯರು ಎದ್ದು ನಿಂತಿದ್ದರು.

ಮನೆಯ ಕೆಲಸ ಶುರುವಾದದ್ದು ಶ್ರಾವಣದ ಹೊತ್ತಿಗೆ. ಮೇಸ್ತ್ರಿ ಏಳುಮಲೈ ಹಳೆಯ ತಾರಸಿಯನ್ನು ಕೋಲಿನಿಂದ ತಟ್ಟಿ ನೋಡಿ, ಎರಡು ತೊಲೆ ಗೆದ್ದಲು ತಿಂದಿವೆ, ಹಿಂದಿನ ಕೋಣೆಯ ಮೇಲ್ಭಾಗ ಪೂರ್ತಿ ಬಿಚ್ಚಬೇಕು ಎಂದ. ಉಳಿದ ತೊಲೆಗಳು ಇನ್ನೂ ನೂರು ವರ್ಷ ಬಾಳುತ್ತವೆ ಎಂದ. ಕತ್ತಲೆ ಅಡುಗೆಮನೆಗೆ ಒಂದು ಕಿಟಕಿ, ಬಚ್ಚಲಿಗೆ ಹೊಸ ನೆಲ, ಉಷಾಗೆ ಓದಲು ಜಗಲಿಯ ಪಕ್ಕ ಸಣ್ಣ ಕೋಣೆ. ಅಕ್ಟೋಬರಿನ ಮಳೆಗೆ ಮೊದಲು ಮುಗಿಸುತ್ತೇನೆ ಎಂದು ಮಾತು ಕೊಟ್ಟ. ಆ ಮಾತು ನಂಬಿ ಗೋದಾಬಾಯಿ ಟ್ರಿಪ್ಲಿಕೇನಿನ ಪೋರ್ಷನ್ ಬಿಟ್ಟು, ಸಾಮಾನೆಲ್ಲ ತಂದು ಮುಂದಿನ ಹಜಾರದಲ್ಲಿ ಪೇರಿಸಿದರು.

ಬೆಳಿಗ್ಗೆ ಕಚೇರಿಗೆ ಹೊರಡುವ ಮುಂಚೆ ಕೆಲಸ ನೋಡುವುದು, ಸಂಜೆ ಬಂದು ಬೈಯುವುದು. ಹಗಲೆಲ್ಲ ಗೋಡೆಯಾಚೆಯಿಂದ ಕುಂಜಮ್ಮಾಳ್ ಬೈಯುತ್ತಿದ್ದಳು. ಗಾರೆಯ ಧೂಳು ಅವಳ ಒಣಗಿದ ಬಟ್ಟೆಯ ಮೇಲೆ. ಕೂಲಿಯವರು ಬೀಡಿ ತುಂಡನ್ನು ಬಾವಿಗೆ ಎಸೆದರು. ಕಿಟಕಿ ಸರಿಯಾಗಿ ತನ್ನ ಬಚ್ಚಲಿಗೇ ಎದುರಾಗಿದೆ. ಆ ಕೊನೆಯ ದೂರು ನಿಜವಾಗಿತ್ತು. ಗೋದಾಬಾಯಿ ಕಿಟಕಿಯನ್ನು ಮೂರು ಅಡಿ ಸರಿಸಿದರು. "ಮನಿ ಒಳಗಿಂದ ಅಷ್ಟ ನೋಡಿದ್ದೆ," ಎಂದು ನನ್ನೆದುರು ಒಪ್ಪಿಕೊಂಡರು.

ಗೆದ್ದಲು ತಿಂದ ತೊಲೆಗಳನ್ನು ಬಿಚ್ಚಿದ ವಾರದಲ್ಲಿ ಅನಾಹುತವಾಯಿತು. ಒಂದು ತೊಲೆಯ ತುದಿ ಎರಡೂ ಮನೆಗೆ ಸೇರಿದ ನಡುಗೋಡೆಯೊಳಕ್ಕೆ ಆಳವಾಗಿ ಹೋಗಿತ್ತು. ಆಳುಗಳು ಅದನ್ನು ಹಾರೆಯಿಂದ ಮೀಟಿದಾಗ ಆ ಕಡೆ, ಕುಂಜಮ್ಮಾಳ್‌ಳ ಅಡುಗೆಮನೆಯ ಗೋಡೆ ಮಂಚದಷ್ಟು ಅಗಲಕ್ಕೆ ಒಳಕ್ಕೆ ಕುಸಿಯಿತು. ಒಲೆಯ ಮೇಲಿನ ಅನ್ನದ ಪಾತ್ರೆ ಇಟ್ಟಿಗೆಗಳ ಕೆಳಗೆ. ಅವಳು ಬಿಸಿಲಿಗೆ ಸಂಡಿಗೆ ಹರವಲು ಹಿತ್ತಲಿಗೆ ಹೋಗಿದ್ದರಿಂದ ಉಳಿದುಕೊಂಡಳು.

ಸುದ್ದಿ ಕಚೇರಿಗೆ ಫೋನಿನಲ್ಲಿ ಬಂತು. ನಾವಿಬ್ಬರೂ ಆಟೋ ಹಿಡಿದು ಹೋದೆವು. ಸಂದಿನ ತುಂಬ ಜನ. ಕುಂಜಮ್ಮಾಳ್ ಅವತ್ತು ಬೈಯುತ್ತಿರಲಿಲ್ಲ. ಒಡೆದ ಗೋಡೆಯ ಮುಂದೆ ಒಂದು ಮಣೆ ಹಾಕಿಕೊಂಡು ಸುಮ್ಮನೆ ಕೂತಿದ್ದಳು. ಗೋದಾಬಾಯಿ ಅವಳ ಕೈ, ಕಾಲು, ತಲೆ ಎಲ್ಲ ಮುಟ್ಟಿ ನೋಡಿದರು. ಆಮೇಲೆ ಹೊರಗೆ ಬಂದು ಏಳುಮಲೈಯನ್ನು ಕರೆದರು.

"ನಮ್ಮ ಮನೆ ಕೆಲಸ ಇವತ್ತಿಗೆ ನಿಲ್ಲಲಿ. ಆಳುಗಳೆಲ್ಲ ಇಲ್ಲಿಗೆ ಬರಲಿ. ಇವರ ಗೋಡೆ ಎದ್ದು, ಗಾರೆ ಒಣಗಿ, ಇವರು ಮತ್ತೆ ಒಲೆ ಹಚ್ಚಿದ ಮೇಲೆ ನಮ್ಮದು."

ಏಳುಮಲೈ ಆಕಾಶ ತೋರಿಸಿದ. "ಅಮ್ಮಾ, ಮಳೆ ಇನ್ನೇನು ಬಂತು. ನಿಮ್ಮ ತಲೆ ಮೇಲೆ ತಾರಸಿ ಇಲ್ಲ. ಇವರಿಗೆ ತಟ್ಟಿ ಕಟ್ಟಿಕೊಡ್ತೀನಿ, ಮೊದಲು ನಿಮ್ಮದು ಮುಚ್ಚೋಣ."

"ತಟ್ಟಿ ನಮಗೆ ಕಟ್ಟು," ಎಂದರು ಗೋದಾಬಾಯಿ.

ಮುರಳೀಧರ ರಾಯರು ಸಿಟ್ಟಾದದ್ದನ್ನು ನಾನು ಕಂಡದ್ದು ಅದೊಂದೇ ಸಲ. "ಹುಚ್ಚು ಹಿಡದದೇನು ನಿನಗ? ಮಗಳನ್ನ ಕರಕೊಂಡು ಮಳಿಯಾಗ ಕೂಡೋಣೇನು? ಆಕಿ ಗ್ವಾಡಿ ಕಟ್ಟಿಸಿಕೊಡೋಣು, ನಾ ಬ್ಯಾಡ ಅನ್ನೂದಿಲ್ಲ. ಆದರ ಮೊದಲು ನಮ್ಮ ಮಾಳಿಗಿ."

"ಆಕಿ ಮನಿಯಾಗ ಒಲಿ ಹೊತ್ತಲಾರದ ನಮ್ಮ ಮಾಳಿಗಿ ಮುಗಿಸಿದ್ವಿ ಅಂದ್ರ, ಆ ತಗಡು ಹಾಕಿದವ್ನಿಗೂ ನಮಗೂ ಏನು ಫರಕ್ರೀ?"

ರಾಯರು ಪಾರ್ಸೆಲ್ ಆಫೀಸಿಗೆ ಹೋಗಿ, ಗೂಡ್ಸ್ ವ್ಯಾಗನ್ನಿಗೆ ಹೊದಿಸುವ ದಪ್ಪ ಟಾರ್ಪಾಲಿನಂಥದನ್ನು ಎಲ್ಲಿ ಬಾಡಿಗೆಗೆ ಕೊಡುತ್ತಾರೆಂದು ವಿಚಾರಿಸಿ, ಸಂಜೆಗೆ ಹೊರಿಸಿಕೊಂಡು ಬಂದರು.

ಗೋಡೆ ಎದ್ದಿತು. ಗಾರೆ ಇನ್ನೂ ಹಸಿಯಿರುವಾಗಲೇ ಮಳೆ ಹಿಡಿಯಿತು. ಮದರಾಸಿನ ಮಳೆ ಬಂದರೆ ಸಮುದ್ರದ ಕಡೆಯಿಂದ ಅಡ್ಡಲಾಗಿ ಬರುತ್ತದೆ. ಎರಡನೆಯ ದಿನ ಮಧ್ಯಾಹ್ನ ಟಾರ್ಪಾಲಿನಲ್ಲಿ ನೀರು ತುಂಬಿ ಹಗ್ಗ ಹರಿಯಿತು. ಹಿಂದಿನ ಕೋಣೆಗೆ ಬಿದ್ದ ನೀರು ಹಜಾರಕ್ಕೆ ನುಗ್ಗಿತು. ಹಾಸಿಗೆ, ಉಷಾಳ ಪುಸ್ತಕ, ಅಕ್ಕಿಯ ಡಬ್ಬ. ಭಾನುವಾರವಾದ್ದರಿಂದ ನಾನು ಅಲ್ಲಿದ್ದೆ. ನಾಲ್ವರೂ ಪೊರಕೆ, ಬಕೆಟ್ಟು ಹಿಡಿದು ಏನು ಮಾಡುವುದೆಂದು ತಿಳಿಯದೆ ನಿಂತಿದ್ದೆವು.

ಬಾಗಿಲಲ್ಲಿ ಕುಂಜಮ್ಮಾಳ್ ಕಂಡಳು. ತಲೆಗೆ ಗೋಣಿಚೀಲದ ಕೊಪ್ಪೆ. ಯಾರನ್ನೂ ಏನೂ ಕೇಳದೆ ಒಂದು ಟ್ರಂಕನ್ನು ಎತ್ತಿ ಸೊಂಟಕ್ಕಿಟ್ಟುಕೊಂಡಳು.

"ಏನು ನೋಡ್ತಾ ನಿಂತಿದ್ದೀರಿ? ಒಬ್ಬೊಬ್ಬರು ಒಂದೊಂದು ತಗೊಳ್ಳಿ. ನನ್ನ ಮನೆಗೆ ನಾಲ್ಕೂ ಕಡೆ ಗೋಡೆ ಇದೆ, ಮೇಲೆ ಸೂರೂ ಇದೆ."

"ನಿಮಗೆ ತೊಂದರೆ," ಎಂದರು ಗೋದಾಬಾಯಿ.

"ತೊಂದರೆಯೇ. ನಾನು ಇಲ್ಲ ಅಂದೆನಾ?"

ಮಳೆಗಾಲ ಮುಗಿಯುವವರೆಗೆ ಆ ಸಂಸಾರ ಕುಂಜಮ್ಮಾಳ್‌ಳ ಮುಂದಿನ ಕೋಣೆಯಲ್ಲಿತ್ತು. ಅಡುಗೆ ಒಂದೇ ಒಲೆಯಲ್ಲಿ, ಸರದಿಯಂತೆ. ಗೋದಾಬಾಯಿಯ ಸಾರಿಗೆ ಬೆಲ್ಲ ಹೆಚ್ಚು ಎಂದು ಕುಂಜಮ್ಮಾಳ್, ಆಕೆಯ ಕುಳಂಬಿಗೆ ಹುಣಸೆ ಹೆಚ್ಚು ಎಂದು ಗೋದಾಬಾಯಿ. ಮನೆಗೆ ವಾಸನೆ ಎಂದು ಮೂಗು ಮುಚ್ಚಿಕೊಂಡಿದ್ದ ಉಷಾ ಆ ಮುದುಕಿಯ ಮೊಣಕಾಲಿಗೆ ಒರಗಿ, ಅವಳು ಹೆರಿಗೆ ಮಾಡಿಸಿದ ಕಥೆಗಳನ್ನು ಕೇಳುತ್ತಿದ್ದಳು. ಸಂಕ್ರಾಂತಿಗೆ ಹೊಸ ತಾರಸಿ ಮುಗಿದು ಅವರು ತಮ್ಮ ಮನೆಗೆ ಬಂದಾಗ, ಮೊದಲ ಹಾಲು ಉಕ್ಕಿಸಲು ಗೋದಾಬಾಯಿ ಪಾತ್ರೆ ಕೊಟ್ಟದ್ದು ಕುಂಜಮ್ಮಾಳ್ ಕೈಗೆ. ಮಡಿ ಮೈಲಿಗೆಯ ಮಾತಾಡಿದ್ದ ಬಂಧುವೂ ಬಂದು ಊಟ ಮಾಡಿ ಹೋದರು.

ಎಂಬತ್ತಮೂರರ ಬೇಸಿಗೆಯಲ್ಲಿ ಮದರಾಸಿಗೆ ನೀರಿನ ಬರ ಬಂತು. ಆ ವರ್ಷವನ್ನು ಅಲ್ಲಿದ್ದವರು ಯಾರೂ ಮರೆಯಲಾರರು. ಕೊಳಾಯಿ ಒಣಗಿತು. ಲಾರಿಯ ಮುಂದೆ ಬಣ್ಣಬಣ್ಣದ ಪ್ಲಾಸ್ಟಿಕ್ ಕೊಡಗಳ ಸಾಲು ಬೀದಿ ತಿರುಗಿದರೂ ಮುಗಿಯುತ್ತಿರಲಿಲ್ಲ. ಅರ್ಧ ಬಾವಿಯೂ ತಳ ಕಂಡಿತು. ಬಾವಿ ತೋಡುವವರು ಬಂದು, ಇನ್ನೂ ಇಳಿಸಿದರೆ ನೀರಿದೆ ಎಂದರು.

ಗೋದಾಬಾಯಿ ತಯಾರಿದ್ದರು. ಕುಂಜಮ್ಮಾಳ್ ಒಪ್ಪಲಿಲ್ಲ.

"ಸಮುದ್ರ ಕೂಗಳತೆಯಲ್ಲಿದೆ. ಜಾಸ್ತಿ ಕೆಣಕಿದರೆ ಉಪ್ಪು ಬರತ್ತೆ. ಒಂದು ಸಲ ಉಪ್ಪು ಬಂದರೆ ಈ ಬಾವಿ ಸತ್ತ ಹಾಗೇ."

"ಈಗ ಮಾತ್ರ ಬದುಕಿದೆಯಾ? ಬರೀ ಕೆಸರು."

"ಕೆಸರು ಮಳೆ ಬಂದರೆ ಹೋಗತ್ತೆ. ಉಪ್ಪು ಹೋಗಲ್ಲ."

ಗೋಡೆಯ ಈಚೆ ಆಚೆ ನಿಂತು ಇಬ್ಬರೂ ಒಂದು ವಾರ ವಾದಿಸಿದರು. ತಮ್ಮ ಅರ್ಧವನ್ನು ಗೋದಾಬಾಯಿ ತೋಡಿಸಬಹುದಿತ್ತು. ತಡೆಯುವ ಶಕ್ತಿ ಆ ವಯಸ್ಸಿನಲ್ಲಿ ಕುಂಜಮ್ಮಾಳ್‌ಗೆ ಇರಲಿಲ್ಲ. ಹಾಗೆಂದು ನಾನೇ ಹೇಳಿದೆ. "ಬಾವಿಗೆ ಅರ್ಧ ಅನ್ನೂದು ಮ್ಯಾಲಷ್ಟ," ಎಂದರು ಗೋದಾಬಾಯಿ. ಕೊನೆಗೆ ಅವರೇ ಒಂದು ಉಪಾಯ ಹೇಳಿದರು. ಸ್ವಲ್ಪ ಸ್ವಲ್ಪವೇ ಇಳಿಸುವುದು. ಬಂದ ನೀರನ್ನು ಪ್ರತಿ ಸಲ ಇಬ್ಬರೂ ಬಾಯಿಗೆ ಹಾಕಿ ನೋಡುವುದು. ಇಬ್ಬರಲ್ಲಿ ಯಾರು ಸಾಕು ಎಂದರೂ ಅಲ್ಲಿಗೆ ನಿಲ್ಲಿಸುವುದು.

ನಾಲ್ಕು ದಿನ ತೋಡಿದರು. ಹಸಿ ಮರಳು, ಆಮೇಲೆ ಒದ್ದೆ ಜೇಡಿ, ಅದರ ಕೆಳಗೆ ಒಂದು ಬದಿಯಿಂದ ಬೆರಳಿನಷ್ಟು ದಪ್ಪದ ಒರತೆ. ಕೆಸರು ಇಳಿಯಲು ಬಿಟ್ಟು, ಬಟ್ಟೆಯಲ್ಲಿ ಸೋಸಿ, ಗೋದಾಬಾಯಿ ಕುಡಿದರು. ಸಿಹಿ. ತೋಡುವವರು ಇನ್ನೊಂದು ಆಳುದ್ದ ಇಳಿಸಿದರೆ ಇದರ ಎರಡರಷ್ಟು ಬರುತ್ತದೆ ಎಂದು ಕೆಳಗಿನಿಂದ ಕೂಗಿದರು. ಗೋದಾಬಾಯಿಗೂ ಆಸೆಯಾಗಿತ್ತು. ನನಗೆ ಅವರ ಮುಖದಲ್ಲಿ ಕಾಣುತ್ತಿತ್ತು. ಕುಂಜಮ್ಮಾಳ್ ಗುಟುಕು ಬಾಯಲ್ಲಿಟ್ಟುಕೊಂಡು ಬಹಳ ಹೊತ್ತು ನಿಂತಳು, ನುಂಗಿದಳು.

"ಸಾಕು," ಎಂದಳು.

ಗೋದಾಬಾಯಿ ಬಾವಿಯೊಳಕ್ಕೆ ಬಗ್ಗಿ, "ಹತ್ತಿ ಬನ್ನಿ," ಎಂದು ತೋಡುವವರಿಗೆ ಹೇಳಿದರು.

ಹಿಂದಿನ ಬೀದಿಯಲ್ಲಿ ಇನ್ನೂ ಆಳಕ್ಕೆ ಹೋದ ಒಂದೆರಡು ಬಾವಿಗಳಲ್ಲಿ ನೀರು ಧಾರಾಳವಾಗಿಯೇ ಬಂತು. ಆದರೆ ಉಪ್ಪಿಗೆ, ಬಟ್ಟೆ ಒಗೆದರೆ ನೊರೆಯೂ ಬರುತ್ತಿರಲಿಲ್ಲ. ಇಲ್ಲಿ ನೀರು ಕಡಮೆ, ಆದರೆ ಕುಡಿಯಬಹುದು. ಅದನ್ನು ತಮಗಷ್ಟೇ ಇಟ್ಟುಕೊಳ್ಳುವ ಯೋಚನೆ ಇಬ್ಬರಿಗೂ ಬಂದಂತಿಲ್ಲ. ಬೆಳಿಗ್ಗೆ ಗೋದಾಬಾಯಿಯ ಕಡೆಯಿಂದ, ಸಂಜೆ ಕುಂಜಮ್ಮಾಳ್ ಕಡೆಯಿಂದ, ಸಂದಿನ ಮನೆಗೊಂದು ಕೊಡ. ಜನ ಮುಂಬಾಗಿಲಿನಿಂದ ಬಂದು, ಹಜಾರ ದಾಟಿ, ಹೊಸ ಅಡುಗೆಮನೆಯ ಪಕ್ಕದಲ್ಲಿಯೇ ಹಿತ್ತಲಿಗೆ ಹೋಗಬೇಕು. ಸಂದಿನ ಕೊನೆಯ ಗುಡಿಸಲಿನ ಹೂಮಾರುವ ಹೆಂಗಸರೂ ಬಂದರು, ಕಾರ್ಪೊರೇಷನ್ನಿನ ಕಸಗುಡಿಸುವವಳೂ ಬಂದಳು. ಅವಳು ಮನೆಯೊಳಗೆ ಹೇಗೆ ಬರುತ್ತಾಳೆ ಎಂದು ಎದುರು ಮನೆಯವರೊಬ್ಬರು ಕೊಡ ಕೆಳಗಿಟ್ಟು ನಿಂತರು.

"ಬಾಗಿಲಿಂದಲೇ ಬರ್ತಾಳೆ," ಎಂದರು ಗೋದಾಬಾಯಿ. "ನಿಮ್ಮ ಸರದಿ ಬಿಟ್ಟರೆ ಹಿಂದಿನವರು ಮುಂದೆ ಬರ್ತಾರೆ, ನೋಡಿಕೊಳ್ಳಿ."

ಎದುರು ಮನೆಯವರು ಕೊಡ ಎತ್ತಿಕೊಂಡರು.

ಆ ಬೇಸಿಗೆಯಲ್ಲಿ ಆಟೋದವರಿಗೆ ಆ ಸಂದಿನ ಹೆಸರು ಹೇಳಬೇಕಾಗಿರಲಿಲ್ಲ. 'ಕನ್ನಡಕ್ಕಾರಮ್ಮ ವೀಡು' ಎಂದರೆ ಸಾಕು, ತಂದು ಬಾಗಿಲಲ್ಲಿ ಇಳಿಸುತ್ತಿದ್ದರು. ಒಂದು ಬೆಳಿಗ್ಗೆ ನಾನು ಹೋದಾಗ ಮುರಳೀಧರ ರಾಯರು ಜಗಲಿಯಲ್ಲಿ ಕೂತು, ಬರುವವರ ಸರದಿ ನೋಡಿಕೊಳ್ಳುತ್ತಿದ್ದರು. ಪಂಚೆ ಒದ್ದೆಯಾಗಿತ್ತು. "ಈ ಮನಿ ನಾ ಮೊದಲನೇ ದಿನಾನೇ ಛಲೋ ಅದ ಅಂದಿದ್ದೆ, ನಿನಗ ನೆನಪದಲ್ಲ ನಾಗಮಣಿ?" ಎಂದರು. ಎಲ್ಲ ಮನೆಗೂ ಅಂದಿದ್ದರು ಎಂದು ನಾನು ಹೇಳಲಿಲ್ಲ. ಒಳಗೆ ಗೋದಾಬಾಯಿ ಹಗ್ಗ ಹಿಡಿದು ಸೇದುತ್ತಿದ್ದರು. ಕಚೇರಿಗೆ ಹೊರಡುವ ಸೀರೆ, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದರು. ಸೂಪರಿಂಟೆಂಡೆಂಟ್ ಕುರ್ಚಿಯಲ್ಲಿ ಕೂತಾಗಲೂ ನಾನು ಅವರನ್ನು ಅಷ್ಟು ದೊಡ್ಡವರಾಗಿ ಕಂಡಿರಲಿಲ್ಲ. ಅವರು ನನ್ನ ಸ್ನೇಹಿತೆ ಎಂದು ಆ ಸಾಲಿನಲ್ಲಿದ್ದವರಿಗೆಲ್ಲ ಹೇಳಬೇಕೆನ್ನಿಸಿತು. ಒಬ್ಬರಿಬ್ಬರಿಗೆ ಹೇಳಿಯೂ ಬಿಟ್ಟೆ.

ಎಂಬತ್ತೇಳರಲ್ಲಿ ನನಗೆ ಮೈಸೂರಿಗೆ ವರ್ಗವಾಯಿತು. ಹೇಳಿ ಬರಲು ಹೋದ ದಿನ ಮನೆಯ ಮುಂದೆ ಮತ್ತೆ ಮರಳಿನ ಗುಡ್ಡೆ. ಉಷಾಗೆ ಮದುವೆ ಗೊತ್ತಾಗಿತ್ತು, ಮೇಲೊಂದು ಕೋಣೆ ಏಳುತ್ತಿತ್ತು. ಅದಕ್ಕೆ ಮೆಟ್ಟಿಲು ಎಲ್ಲಿ ಬರಬೇಕೆಂದು ಜಗಳ ನಡೆದಿತ್ತು. ಒಳಗಿನಿಂದ ಬಂದರೆ ಜಾಗ ಉಳಿಯುತ್ತದೆ ಎಂದು ಗೋದಾಬಾಯಿ. ಹೊರಗಿನಿಂದ, ತನ್ನ ಗೋಡೆಗೆ ಒತ್ತಿಕೊಂಡೇ ಬರಬೇಕು ಎಂದು ಕುಂಜಮ್ಮಾಳ್.

"ನಿಮ್ಮ ಗೋಡೆಗೆ ಯಾಕೆ?"

"ಸಂಜೆ ನಾನೂ ಮೇಲೆ ಹೋಗಿ ಗಾಳಿಗೆ ಕೂರಬೇಡವಾ? ನಿನ್ನ ಅಡುಗೆಮನೆ ಸುತ್ತಿ ಬರೋದಕ್ಕೆ ನನ್ನ ಮಂಡಿಗೆ ಆಗಲ್ಲ."

ಗೋದಾಬಾಯಿ ಏಳುಮಲೈಯನ್ನು ಕರೆದು, ಮೆಟ್ಟಿಲು ಹೊರಗಿನಿಂದಲೇ ಬರಲಿ, ಎತ್ತರ ಕಡಮೆ ಮಾಡಿ ಅಗಲ ಹೆಚ್ಚಿಸು, ಹಿಡಿದುಕೊಳ್ಳಲು ಎರಡೂ ಕಡೆ ಕಂಬಿ ಹಾಕು ಎಂದರು. ಹಾಗೆ ಮಾಡಿದರೆ ಮೆಟ್ಟಿಲು ಜಗಲಿಯ ಅರ್ಧ ತಿನ್ನುತ್ತದೆ ಎಂದು ಅವನು ಗೊಣಗಿದ. ತಿನ್ನಲಿ ಎಂದು ಗೋದಾಬಾಯಿ ಅಳತೆಯ ದಾರದ ಒಂದು ತುದಿಯನ್ನು ತಾವು ಹಿಡಿದು, ಇನ್ನೊಂದನ್ನು ಕುಂಜಮ್ಮಾಳ್ ಕೈಗೆ ಕೊಟ್ಟರು.